ಎರಡನೇ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡ್ತಿಲ್ವಾ? ಹೀಗೆ ಒಂದೊಂದೇ ಪರೀಕ್ಷೆ ಮಾಡಿ

"ಡೆಸ್ಕ್‌ಟಾಪ್‌ಗೆ ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀನಿ. ಫ್ಯಾನ್ ತಿರುಗುತ್ತೆ, ಆದ್ರೆ ವಿಂಡೋಸ್‌ನಲ್ಲಿ ಕಾಣಿಸ್ತಿಲ್ಲ. ಕಾರ್ಡ್ ಹೋಗಿದೆಯಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರ ತೊಂದರೆ ಸ್ವಲ್ಪ ಬೇರೆ. ಎರಡೂ ಕಾರ್ಡ್ ಕಾಣಿಸುತ್ತವೆ, ಆದರೆ ರೆಂಡರ್ (3ಡಿ ದೃಶ್ಯದಿಂದ ಚಿತ್ರ ತಯಾರಿಸುವ ಕೆಲಸ) ಶುರು ಮಾಡಿದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಅಥವಾ ಎರಡೂ ಸರಿಯಾಗಿವೆ, ವೇಗ ಮಾತ್ರ ಒಂಚೂರೂ ಜಾಸ್ತಿ ಆಗಿಲ್ಲ.

ಇಂಥ ಕಡೆ ಕಾರ್ಡೇ ಕೆಟ್ಟಿರುವುದು ಕಡಿಮೆ. ಕರೆಂಟ್ ಸಾಲದೇ ಇರುವುದು, ತಪ್ಪು ಸ್ಲಾಟ್, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಆಫ್ ಆಗಿರುವ ಒಂದು ಆಯ್ಕೆ, ಹೊಂದದ ಡ್ರೈವರ್ (ವಿಂಡೋಸ್ ಕಾರ್ಡನ್ನು ಬಳಸಲು ಬೇಕಾದ ತಂತ್ರಾಂಶ), ತೊಂದರೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ಆದ್ದರಿಂದ ಕಾರ್ಡನ್ನು ಮಾರುವ ಮೊದಲು, ವಿಂಡೋಸ್ ಅಳಿಸಿ ಮತ್ತೆ ಹಾಕುವ ಮೊದಲು, ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಬೇಕಾಗುವುದು: ಸ್ಕ್ರೂಡ್ರೈವರ್, ಮದರ್‌ಬೋರ್ಡ್‌ನ ಮ್ಯಾನುಯಲ್ (ಕಾಗದದ್ದು ಕಳೆದಿದ್ದರೆ ಕಂಪನಿ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಸಿಗುತ್ತದೆ), ಜಿಪಿಯು-ಝೆಡ್ (ಕಾರ್ಡ್‌ನ ವಿವರ ತೋರಿಸುತ್ತದೆ) ಮತ್ತು ಡಿಡಿಯು (ಹಳೇ ಡ್ರೈವರ್ ತೆಗೆಯುತ್ತದೆ) ಎಂಬ ಎರಡು ಉಚಿತ ತಂತ್ರಾಂಶ, ಫೋಟೋ ತೆಗೆಯಲು ಮೊಬೈಲ್. ಯಾವ ವಯರ್ ತೆಗೆಯುವ ಮೊದಲೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 1: ಎರಡು ಕಾರ್ಡ್ ಯಾಕೆ ಬೇಕು ಅಂತ ಮೊದಲು ಖಚಿತ ಮಾಡಿಕೊಳ್ಳಿ

ಗೇಮ್‌ನಲ್ಲಿ ವೇಗ ದುಪ್ಪಟ್ಟಾಗಲಿ ಅಂತ ಎರಡು ಕಾರ್ಡ್ ಹಾಕಿದ್ದರೆ ನೇರವಾಗಿ ಹೇಳುತ್ತೇನೆ: ಆ ಕಾಲ ಮುಗಿದಿದೆ. ಎರಡು ಕಾರ್ಡ್‌ಗಳನ್ನು ಜೋಡಿಸಿ ಒಂದೇ ಗೇಮ್ ಓಡಿಸುವ ವ್ಯವಸ್ಥೆಗೆ ಎನ್‌ವಿಡಿಯಾದಲ್ಲಿ ಎಸ್‌ಎಲ್‌ಐ ಅಂತಲೂ ಎಎಂಡಿಯಲ್ಲಿ ಕ್ರಾಸ್‌ಫೈರ್ ಅಂತಲೂ ಹೆಸರು. 2021ರ ಜನವರಿ 1ರಿಂದ ಎನ್‌ವಿಡಿಯಾ ತನ್ನ ಡ್ರೈವರ್‌ಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನು ನಿಲ್ಲಿಸಿತು. ಪ್ರೊಫೈಲ್ ಅಂದರೆ ಆಯಾ ಗೇಮ್‌ನಲ್ಲಿ ಎರಡು ಕಾರ್ಡ್ ಹೇಗೆ ಕೆಲಸ ಹಂಚಿಕೊಳ್ಳಬೇಕು ಎಂಬ ಸೂಚನೆ. ಅದಿಲ್ಲದಿದ್ದರೆ ಎರಡನೇ ಕಾರ್ಡ್ ಸುಮ್ನೆ ಕೂತಿರುತ್ತದೆ, ಗೇಮ್ ಮಾಡಿದವರೇ ಪ್ರತ್ಯೇಕ ವ್ಯವಸ್ಥೆ ಮಾಡಿದ್ದರೆ ಮಾತು ಬೇರೆ. ಎನ್‌ವಿಡಿಯಾದ ಜಿಟಿಎಕ್ಸ್ 1060, ಆರ್‌ಟಿಎಕ್ಸ್ 2060 ಇವುಗಳಲ್ಲಿ ಜೋಡಿಸುವ ಕನೆಕ್ಟರೇ ಇಲ್ಲ. 30ರ ಸರಣಿಯಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಇತ್ತು. 40ರ ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ ಯಾವುದಕ್ಕೂ ಇಲ್ಲ. ಗೇಮ್ ಒಂದೇ ಉದ್ದೇಶವಾದರೆ ಎರಡನ್ನೂ ಮಾರಿ ಒಂದು ಒಳ್ಳೆಯ ಕಾರ್ಡ್ ತಗೊಳ್ಳಿ.

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವುದು, ಮನೆಯಲ್ಲೇ ಎಐ ಭಾಷಾ ಮಾಡೆಲ್ ಓಡಿಸುವುದು, ನಾಲ್ಕಾರು ಮಾನಿಟರ್ ಹಾಕುವುದು, ಒಂದು ಕಾರ್ಡ್‌ನಲ್ಲಿ ಗೇಮ್, ಇನ್ನೊಂದರಲ್ಲಿ ಸ್ಟ್ರೀಮಿಂಗ್, ಇಂಥದ್ದಕ್ಕೆಲ್ಲ ಎರಡು ಕಾರ್ಡ್ ಇವತ್ತಿಗೂ ಒಳ್ಳೆಯ ಉಪಾಯ. ಇಲ್ಲಿ ಕಾರ್ಡ್‌ಗಳನ್ನು ಒಂದಕ್ಕೊಂದು ಜೋಡಿಸುವ ಅಗತ್ಯ ಇಲ್ಲ, ಎರಡೂ ಒಂದೇ ಮಾಡೆಲ್ ಆಗಿರಬೇಕಾಗಿಯೂ ಇಲ್ಲ. ಮುಂದಿನ ಹಂತಗಳು ಇಂಥವರಿಗೆ.

ಹಂತ 2: ಒಂದೊಂದೇ ಕಾರ್ಡ್ ಹಾಕಿ ನೋಡಿ

ತುಂಬಾ ಜನ ಬಿಟ್ಟುಬಿಡುವ ಹಂತ ಇದು, ಅತಿ ಮುಖ್ಯವಾದದ್ದೂ ಇದೇ. ಕೀಬೋರ್ಡ್‌ನ ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಕೊಡಿ, ಆಗ ವಿಂಡೋಸ್ ಪೂರ್ತಿ ಆಫ್ ಆಗುತ್ತದೆ. ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಹಾಕಿ, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಕೇಸ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಆಮೇಲೆ ಕಾರ್ಡ್‌ಗೆ ಕೈಹಾಕಿ.

ಈಗ ಒಂದನೇ ಕಾರ್ಡ್ ಮಾತ್ರ ಮೇಲಿನ ಸ್ಲಾಟ್‌ಗೆ ಹಾಕಿ ಆನ್ ಮಾಡಿ. ಡಿಸ್‌ಪ್ಲೇ ಬಂತಾ? ಆಫ್ ಮಾಡಿ, ಅದೇ ಸ್ಲಾಟ್‌ಗೆ ಎರಡನೇ ಕಾರ್ಡ್ ಮಾತ್ರ ಹಾಕಿ. ಅದೂ ಬಂತಾ? ಹಾಗಿದ್ದರೆ ಎರಡು ಕಾರ್ಡೂ ಬದುಕಿವೆ. ಕೊನೆಗೆ, ಒಳ್ಳೆಯದು ಅಂತ ಖಾತ್ರಿಯಾದ ಕಾರ್ಡನ್ನು ಕೆಳಗಿನ ಸ್ಲಾಟ್‌ಗೆ ಮಾತ್ರ ಹಾಕಿ ನೋಡಿ. ಅಲ್ಲಿ ಬರದಿದ್ದರೆ ತೊಂದರೆ ಸ್ಲಾಟ್‌ನದ್ದು ಅಥವಾ ಬಯಾಸ್‌ನದ್ದು, ಕಾರ್ಡ್‌ನದ್ದಲ್ಲ.

ಕಾರ್ಡ್ ಕೂರಿಸುವಾಗ ಸ್ಲಾಟ್‌ನ ತುದಿಯ ಲಾಕ್ ಟಕ್ ಅಂತ ಸದ್ದು ಮಾಡಬೇಕು. ಭಾರದ ಕಾರ್ಡ್‌ಗಳು ಒಂದು ಕಡೆ ಜೋತುಬಿದ್ದು, ಬಂಗಾರದ ಬಣ್ಣದ ಪಿನ್‌ಗಳು ಕೂದಲೆಳೆಯಷ್ಟು ಹೊರಗೆ ಕಾಣುತ್ತಿರುತ್ತವೆ. ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ. ಪಿನ್ ಸಾಲು ಒಂದು ಕಡೆ ಜಾಸ್ತಿ ಕಾಣುತ್ತಿದ್ದರೆ ಕಾರ್ಡ್ ಸರಿಯಾಗಿ ಕೂತಿಲ್ಲ.

*ಎಚ್ಚರ:* ಮಾನಿಟರ್‌ನ ಕೇಬಲ್ ಎಲ್ಲಿಗೆ ಹೋಗಿದೆ ಅಂತ ನೋಡಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಕೇಬಲ್ ಚುಚ್ಚಿದರೆ ಏನೂ ಬರುವುದಿಲ್ಲ. ರೈಜನ್ 5 5600 ಕೂಡ ಹಾಗೇ. ಕೇಬಲ್ ಕಾರ್ಡ್‌ಗೇ ಹೋಗಬೇಕು.

ಹಂತ 3: ಕರೆಂಟ್ ಲೆಕ್ಕ ಹಾಕಿ

ಸ್ಲಾಟ್ ಒಂದರಿಂದ ಕಾರ್ಡ್‌ಗೆ ಸಿಗುವುದು ಹೆಚ್ಚೆಂದರೆ 75 ವಾಟ್. 6 ಪಿನ್ ಕನೆಕ್ಟರ್ ಇನ್ನೊಂದು 75, 8 ಪಿನ್‌ನದ್ದು 150 ವಾಟ್ ಕೊಡುತ್ತದೆ. ಆರ್‌ಟಿಎಕ್ಸ್ 3060 ಎರಡು ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಒಂದಕ್ಕೆ 170 ವಾಟ್, ಎರಡಕ್ಕೆ 340. ಪ್ರೊಸೆಸರ್‌ಗೆ 100ರಿಂದ 150, ಉಳಿದ ಡಿಸ್ಕ್, ಫ್ಯಾನ್, ರ‍್ಯಾಮ್‌ಗೆ 50 ಹಿಡಿಯಿರಿ. ಒಟ್ಟು 490ರಿಂದ 540 ಆಗುತ್ತದೆ. ಕಾರ್ಡ್‌ಗಳು ಕ್ಷಣಮಾತ್ರ ಇದಕ್ಕಿಂತ ಜಾಸ್ತಿ ಎಳೆಯುವುದೂ ಉಂಟು. ಹಾಗಾಗಿ ಇಂಥ ಜೋಡಿಗೆ ಒಳ್ಳೆಯ ಕಂಪನಿಯ 750 ವಾಟ್ ಪವರ್ ಸಪ್ಲೈ ಇದ್ದರೆ ನೆಮ್ಮದಿ. 500 ವಾಟ್‌ನಲ್ಲಿ ವಿಂಡೋಸ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಲೋಡ್ ಬಿದ್ದಾಗ ಫಟ್ ಅಂತ ಆಫ್ ಆಗುತ್ತದೆ.

ಆಫ್ ಆದ ಕಾರಣ ಇದೇನಾ ಅಂತ ತಿಳಿಯಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಕರ್ನಲ್-ಪವರ್ 41 ಅಂತ ಇದ್ದರೆ, ವಿಂಡೋಸ್ ಸರಿಯಾಗಿ ಮುಚ್ಚಿಕೊಳ್ಳುವ ಮೊದಲೇ ಕಂಪ್ಯೂಟರ್ ನಿಂತಿದೆ ಅಂತರ್ಥ. ಲೋಡ್ ಬಿದ್ದಾಗಲೆಲ್ಲ ಇದೇ ನಮೂದು ಬರುತ್ತಿದ್ದು, ನೀಲಿ ಪರದೆ ಬರದೇ ಇದ್ದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ.

ನಮ್ಮ ಕಡೆ ಯುಪಿಎಸ್‌ನದ್ದೂ ಒಂದು ಕಥೆ ಇದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವಾಟ್. ಎರಡು ಕಾರ್ಡ್ ದುಡಿಯುವಾಗ ಅದು ಕೀಂಯ್ ಅಂತ ಕೂಗಿ ಕೈಬಿಡುತ್ತದೆ, ನೀವು ಕಾರ್ಡ್ ಮೇಲೆ ಅನುಮಾನ ಪಡುತ್ತೀರಿ. ಪರೀಕ್ಷೆ ಮಾಡುವಾಗ ಒಮ್ಮೆ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಸ್ಪೈಕ್ ಗಾರ್ಡ್ ಇರಲಿ, ಅರ್ತಿಂಗ್ ಸರಿ ಇರಲಿ.

*ಇಲ್ಲಿ ದಯವಿಟ್ಟು ಮೂರು ತಪ್ಪು ಮಾಡಬೇಡಿ.* ಸಾಟಾ ವಯರ್‌ನಿಂದ (ಡಿಸ್ಕ್‌ಗೆ ಕರೆಂಟ್ ಕೊಡುವ ವಯರ್) 8 ಪಿನ್‌ಗೆ ಬದಲಿಸುವ ಅಗ್ಗದ ಅಡಾಪ್ಟರ್ ಹಾಕಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಸಾಲಿನ ಮಿತಿ 54 ವಾಟ್, ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಎರಡನೆಯದು, ಪ್ರೊಸೆಸರ್‌ಗೆ ಹೋಗುವ 8 ಪಿನ್ ವಯರನ್ನು ಕಾರ್ಡ್‌ಗೆ ಒತ್ತಿ ತುರುಕಬೇಡಿ. ನೋಡಲು ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು ಇರುತ್ತವೆ. ಕಾರ್ಡ್‌ನದ್ದು ಬಹುಪಾಲು 6+2 ಆಗಿ ಬಿಡಿಸಿಕೊಳ್ಳುತ್ತದೆ, ಪ್ರೊಸೆಸರ್‌ನದ್ದು 4+4 ಆಗಿ. ಮೂರನೆಯದು, ಬಿಚ್ಚಿ ಹಾಕುವ ವಯರ್ ಇರುವ ಪವರ್ ಸಪ್ಲೈಗೆ ಬೇರೆ ಕಂಪನಿಯ ವಯರ್ ಚುಚ್ಚಬೇಡಿ. ಒಳಗಿನ ಪಿನ್ ಕ್ರಮ ಕಂಪನಿಗೊಂದು ಥರ, ಒಂದೇ ಕಂಪನಿಯಲ್ಲೂ ಮಾಡೆಲ್‌ಗೆ ಮಾಡೆಲ್ ಬದಲಾಗಬಹುದು. ಈ ಮೂರರಲ್ಲೂ ಒಮ್ಮೆ ಹಾನಿ ಆದರೆ ಆಮೇಲೆ ಸರಿಮಾಡುವ ದಾರಿ ಇಲ್ಲ.

ಒಂದೇ ವಯರ್‌ನ ತುದಿಯಲ್ಲಿ ಎರಡು ಕನೆಕ್ಟರ್ ಇದ್ದರೆ ಅದನ್ನು ಎರಡು ಕಾರ್ಡ್‌ಗೆ ಹಂಚಬೇಡಿ. ಒಂದೊಂದು ಕಾರ್ಡ್‌ಗೂ ಪವರ್ ಸಪ್ಲೈಯಿಂದ ಬೇರೆ ಬೇರೆ ವಯರ್ ಎಳೆಯಿರಿ.

ಹಂತ 4: ಸ್ಲಾಟ್ ಉದ್ದ ಇದ್ದ ಮಾತ್ರಕ್ಕೆ ನಂಬಬೇಡಿ

ಮದರ್‌ಬೋರ್ಡ್ ಮೇಲೆ ಎರಡು ಉದ್ದ ಸ್ಲಾಟ್ ಕಂಡರೆ ಎರಡೂ ಒಂದೇ ಅಂತ ಅನ್ನಿಸುವುದು ಸಹಜ. ಆದರೆ ಪಿಸಿಐಇ ಸ್ಲಾಟ್‌ನಲ್ಲಿ ಲೆಕ್ಕಕ್ಕೆ ಬರುವುದು ಲೇನ್, ಅಂದರೆ ಡೇಟಾ ಓಡಾಡುವ ಸಾಲುಗಳು. ಮೇಲಿನ ಸ್ಲಾಟ್‌ಗೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ನೇರ 16 ಲೇನ್ ಬರುತ್ತವೆ. ಎರಡನೆಯದು ಉದ್ದ ಅಷ್ಟೇ ಇದ್ದರೂ, ಸಾಧಾರಣ ಬೆಲೆಯ ಬೋರ್ಡ್‌ಗಳಲ್ಲಿ ಚಿಪ್‌ಸೆಟ್ (ಮದರ್‌ಬೋರ್ಡ್ ಮೇಲಿನ ನಿಯಂತ್ರಣ ಚಿಪ್) ಮೂಲಕ ಬರುವ 4 ಲೇನ್ ಮಾತ್ರ ಇರುತ್ತವೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ. ಎಎಂಡಿ ಪ್ರೊಸೆಸರ್‌ಗೆ ನಮ್ಮಲ್ಲಿ ತುಂಬಾ ಮಾರಾಟವಾದ ಬಿ450 ಬೋರ್ಡ್‌ಗಳಲ್ಲಿ ಈ ಎರಡನೇ ಸ್ಲಾಟ್ ಬಹುತೇಕ ಹಳೇ ಪಿಸಿಐಇ 2.0ನ 4 ಲೇನ್, ಅಂದರೆ ಸೆಕೆಂಡಿಗೆ ಸುಮಾರು 2 ಜಿಬಿ. ಪಿಸಿಐಇ 3.0ನ 16 ಲೇನ್‌ನಲ್ಲಿ ಸುಮಾರು 16 ಜಿಬಿ. ಬಿ550 ಬೋರ್ಡ್‌ನ ಎರಡನೇ ಸ್ಲಾಟ್ ಸಾಮಾನ್ಯವಾಗಿ 3.0ನದ್ದು, ಸುಮಾರು 4 ಜಿಬಿ.

ಇದರಿಂದ ತೊಂದರೆ ಇದೆಯಾ? ಕೆಲಸದ ಮೇಲೆ ಹೋಗುತ್ತದೆ. ಬ್ಲೆಂಡರ್ ರೆಂಡರ್‌ಗೆ ದೃಶ್ಯ ಒಮ್ಮೆ ಕಾರ್ಡ್‌ಗೆ ಹೋದರೆ ಆಯಿತು, ಆಮೇಲೆ ಲೇನ್ ಕಡಿಮೆ ಇದ್ದರೂ ಅಷ್ಟೇನೂ ವ್ಯತ್ಯಾಸ ಇಲ್ಲ. ಗೇಮ್ ಓಡಿಸುವ ಕಾರ್ಡ್ ಮಾತ್ರ ಮೇಲಿನ ಸ್ಲಾಟ್‌ನಲ್ಲೇ ಇರಲಿ.

ಇನ್ನೊಂದು ಮರ್ಮ ಮ್ಯಾನುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಜಾಗಕ್ಕೆ (ಪುಟ್ಟ ಎಸ್‌ಎಸ್‌ಡಿ ಡಿಸ್ಕ್ ಕೂರುವ ಸ್ಲಾಟ್) ಎಸ್‌ಎಸ್‌ಡಿ ಹಾಕಿದರೆ ಎರಡನೇ ಗ್ರಾಫಿಕ್ಸ್ ಸ್ಲಾಟ್ ತಾನಾಗಿಯೇ ಆಫ್ ಆಗುತ್ತದೆ. ಎರಡೂ ಅವೇ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. "ಫ್ಯಾನ್ ತಿರುಗುತ್ತೆ, ಕಾರ್ಡ್ ಕಾಣಿಸಲ್ಲ" ಅನ್ನುವವರು ಮೊದಲು ಇದನ್ನೇ ನೋಡಬೇಕು. ಫ್ಯಾನ್‌ಗೆ ಕರೆಂಟ್ ಸಿಗುತ್ತಿದೆ, ಡೇಟಾ ಸಾಲು ಮಾತ್ರ ಕಡಿದಿದೆ. ಆ ಎಸ್‌ಎಸ್‌ಡಿಯನ್ನು ಇನ್ನೊಂದು ಎಂ.2 ಜಾಗಕ್ಕೆ ಹಾಕಿದರೆ ಕಾರ್ಡ್ ಪ್ರತ್ಯಕ್ಷವಾಗುತ್ತದೆ. ಪ್ರೊಸೆಸರ್ ಕೂಡ ಮುಖ್ಯ. ರೈಜನ್ 3 3200ಜಿ ಥರದವು ಗ್ರಾಫಿಕ್ಸ್ ಕಾರ್ಡ್‌ಗೆ 8 ಲೇನ್ ಮಾತ್ರ ಕೊಡುತ್ತವೆ. ಲೇನ್ ಹಂಚಿಕೊಳ್ಳುವ ಬೋರ್ಡ್‌ಗೆ ಇಂಥ ಪ್ರೊಸೆಸರ್ ಹಾಕಿದರೆ ಎರಡನೇ ಸ್ಲಾಟ್ ಕೆಲಸ ಮಾಡದೇ ಇರಬಹುದು.

ಲೇನ್ ಎಷ್ಟು ಸಿಕ್ಕಿದೆ ಅಂತ ಜಿಪಿಯು-ಝೆಡ್‌ನಲ್ಲಿ ಬಸ್ ಇಂಟರ್ಫೇಸ್ ಎಂಬ ಸಾಲು ಹೇಳುತ್ತದೆ. ಕೆಳಗಿನ ಪಟ್ಟಿಯಿಂದ ಕಾರ್ಡ್ ಆರಿಸಿಕೊಳ್ಳಲು ಮರೆಯಬೇಡಿ. ಅಲ್ಲಿ 1.1 ಅಂತ ಕಂಡರೆ ಗಾಬರಿಯಾಗಬೇಡಿ. ಕೆಲಸ ಇಲ್ಲದಾಗ ವಿದ್ಯುತ್ ಉಳಿಸಲು ಕಾರ್ಡ್ ತಾನೇ ಕೆಳಗಿನ ವೇಗಕ್ಕೆ ಇಳಿದಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಪರೀಕ್ಷೆ ಶುರು ಮಾಡಿ. ಎರಡು ಮೂರು ಸೆಕೆಂಡಿನಲ್ಲಿ 1.1 ಇದ್ದದ್ದು 3.0 ಅಥವಾ 4.0ಕ್ಕೆ ಏರುತ್ತದೆ. ಆಗ ಕಾಣುವುದೇ ನಿಜವಾದ ಅಂಕಿ.

ಹಂತ 5: ಬಯಾಸ್

ಆನ್ ಆಗುತ್ತಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ, ಬಯಾಸ್ ತೆರೆದುಕೊಳ್ಳುತ್ತದೆ. ಒಳಗೆ ಹೋಗುವ ಮೊದಲೇ ಒಂದು ಕೆಲಸ ಮಾಡಿ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್ ಬದಲಿಸಿದ ಮೇಲೆ ಅದನ್ನು ಕೇಳುವ ಸಾಧ್ಯತೆ ಇದೆ. ಕೀ ಇಲ್ಲದಿದ್ದರೆ ನಿಮ್ಮ ಡೇಟಾ ನಿಮಗೇ ಸಿಗುವುದಿಲ್ಲ.

ಹುಡುಕಬೇಕಾದ ಮುಖ್ಯ ಆಯ್ಕೆ ಅಬೌವ್ 4ಜಿ ಡಿಕೋಡಿಂಗ್. ಕಾರ್ಡ್‌ಗಳಿಗೆ 4 ಜಿಬಿ ಗಡಿಯ ಮೇಲಿನ ವಿಳಾಸಗಳನ್ನು ಕೊಡಲು ಇದು ಅನುಮತಿ. ಎರಡು ಕಾರ್ಡ್ ಇದ್ದಾಗ ಗಡಿಯ ಕೆಳಗಿನ ಜಾಗ ಸಾಲದೆ ಹೋಗಬಹುದು. ಇದನ್ನು ಆನ್ ಮಾಡಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೂ ಜೊತೆಗೆ ಬಳಸಬೇಕಿದ್ದರೆ ಐಜಿಪಿಯು ಮಲ್ಟಿ ಮಾನಿಟರ್ ಎಂಬುದನ್ನು ಆನ್ ಮಾಡಬೇಕು. ಹೆಸರು ಬೋರ್ಡ್‌ಗೊಂದು ಥರ ಇರಬಹುದು. ಮೊದಲು ಯಾವ ಕಾರ್ಡ್‌ನಿಂದ ಚಿತ್ರ ಬರಬೇಕು ಅನ್ನುವುದಕ್ಕೆ ಪ್ರೈಮರಿ ಡಿಸ್‌ಪ್ಲೇ ಆಯ್ಕೆ ಇದೆ.

ಕಾರ್ಡನ್ನು ರೈಸರ್ ಕೇಬಲ್ ಮೂಲಕ ಜೋಡಿಸಿದ್ದರೆ, ಅಂದರೆ ಸ್ಲಾಟ್‌ನಿಂದ ದೂರಕ್ಕೆ ಎಳೆಯುವ ಪಟ್ಟಿ ಕೇಬಲ್ ಇದ್ದರೆ, ಸ್ಲಾಟ್‌ನ ವೇಗವನ್ನು ಆಟೋ ಬದಲು ಜೆನ್ 3ಕ್ಕೆ (ಪಿಸಿಐಇ 3.0) ಇಳಿಸಿ ನೋಡಿ. ಹಳೇ ರೈಸರ್‌ಗಳು ಜೆನ್ 4 ವೇಗ ತಡೆಯುವುದಿಲ್ಲ, ಪರದೆ ಕಪ್ಪಾಗುತ್ತದೆ.

*ಎಚ್ಚರ:* ಸಿಎಸ್‌ಎಂ ಎಂಬ ಆಯ್ಕೆ ಹಳೇ ಕಾಲದ ಬೂಟ್ ವಿಧಾನಕ್ಕೆ. ಅಬೌವ್ 4ಜಿ ಜೊತೆಗೆ ಅದನ್ನು ಆಫ್ ಮಾಡಿ ಅಂತ ಎಷ್ಟೋ ವಿಡಿಯೋಗಳು ಹೇಳುತ್ತವೆ. ನಿಮ್ಮ ವಿಂಡೋಸ್ ಡಿಸ್ಕ್ ಎಂಬಿಆರ್ ಎಂಬ ಹಳೇ ಮಾದರಿಯಲ್ಲಿದ್ದರೆ ಸಿಎಸ್‌ಎಂ ಆಫ್ ಮಾಡಿದ ತಕ್ಷಣ ವಿಂಡೋಸ್ ತೆರೆಯುವುದೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಜಿಪಿಟಿ (ಹೊಸ ಮಾದರಿ) ಅಂತ ಇದೆಯಾ ನೋಡಿ. ಇದ್ದರೆ ಮಾತ್ರ ಮುಂದೆ ಹೋಗಿ. ಅಕಸ್ಮಾತ್ ಆಫ್ ಮಾಡಿ ಸಿಕ್ಕಿಕೊಂಡರೆ ಹೆದರಬೇಡಿ, ಮತ್ತೆ ಆನ್ ಮಾಡಿದರೆ ಮೊದಲಿನಂತೆ ಆಗುತ್ತದೆ.

ಹಂತ 6: ಡ್ರೈವರ್

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆಯಿರಿ. ಎರಡೂ ಹೆಸರು ಇವೆಯಾ? ಯಾವುದರ ಮೇಲಾದರೂ ಹಳದಿ ಗುರುತು ಇದ್ದರೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಓದಿ. ಕೋಡ್ 12 ಅಂದರೆ ಮೇಲೆ ಹೇಳಿದ ವಿಳಾಸ ಜಾಗದ ಕೊರತೆ, ಬಯಾಸ್‌ಗೆ ವಾಪಸ್ ಹೋಗಿ. ಕೋಡ್ 43 ಅಂದರೆ ಕಾರ್ಡ್ ತನ್ನಲ್ಲಿ ತೊಂದರೆ ಇದೆ ಅಂತ ಹೇಳಿದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ. ಡ್ರೈವರ್ ಗೊಂದಲದಿಂದಲೂ ಇದು ಬರುತ್ತದೆ, ಕಾರ್ಡ್ ನಿಜವಾಗಿ ಕೆಟ್ಟಾಗಲೂ ಬರುತ್ತದೆ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ಆ ಕಾರ್ಡ್‌ಗೆ ಡ್ರೈವರೇ ಕೂತಿಲ್ಲ.

ಎರಡು ಎನ್‌ವಿಡಿಯಾ ಕಾರ್ಡ್ ಇರುವವರು ಒಂದು ಮಾತು ನೆನಪಿಡಿ: ಎರಡಕ್ಕೂ ಡ್ರೈವರ್ ಆವೃತ್ತಿ ಒಂದೇ ಇರಬೇಕು. ಅಂಗಡಿಗಳಲ್ಲಿ ಎಲ್ಲೆಲ್ಲೂ ಸಿಗುವ ಜಿಟಿ 710 ಕೆಪ್ಲರ್ ಎಂಬ ಹಳೇ ಪೀಳಿಗೆಯದ್ದು. ಅದಕ್ಕೆ ಗೇಮ್ ಡ್ರೈವರ್‌ಗಳು 2021ರಲ್ಲೇ 470ನೇ ಆವೃತ್ತಿಯ ಸಾಲಿನಲ್ಲಿ ನಿಂತುಹೋದವು. ಆರ್‌ಟಿಎಕ್ಸ್ 4060ಗೆ ಬೇಕಾದದ್ದು ಅದಕ್ಕಿಂತ ತುಂಬಾ ಮುಂದಿನದು. ಹಾಗಾಗಿ ಈ ಎರಡನ್ನು ಒಂದೇ ವಿಂಡೋಸ್‌ನಲ್ಲಿ ಸರಿಯಾಗಿ ಓಡಿಸಲು ಆಗುವುದಿಲ್ಲ. ಎಷ್ಟು ಸಲ ಡ್ರೈವರ್ ಹಾಕಿದರೂ ಒಂದು ಬಂದರೆ ಇನ್ನೊಂದು ಹೋಗುತ್ತದೆ. ಒಂದು ಎಎಂಡಿ, ಒಂದು ಎನ್‌ವಿಡಿಯಾ ಇದ್ದರೆ ಈ ತಾಪತ್ರಯ ಇಲ್ಲ, ಎರಡರ ಡ್ರೈವರೂ ಒಟ್ಟಿಗೆ ಇರಬಲ್ಲವು.

ಡ್ರೈವರ್ ಗೊಂದಲ ಬಿಡಿಸುವುದು ಹೀಗೆ. ಎರಡು ಕಾರ್ಡನ್ನೂ ಒಪ್ಪುವ ಡ್ರೈವರ್ ಮೊದಲೇ ಇಳಿಸಿಕೊಳ್ಳಿ. ಇಂಟರ್ನೆಟ್ ಕಡಿತ ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ಬಂದು ತನ್ನದೇ ಡ್ರೈವರ್ ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ (ಅತ್ಯಗತ್ಯವಾದದ್ದು ಮಾತ್ರ ಓಡುವ ವಿಂಡೋಸ್ ಸ್ಥಿತಿ) ಹೋಗಿ ಡಿಡಿಯು ಓಡಿಸಿ, ಹಳೇ ಡ್ರೈವರ್‌ನ ಚೂರುಗಳನ್ನೆಲ್ಲ ಅದು ತೆಗೆಯುತ್ತದೆ. ರೀಸ್ಟಾರ್ಟ್ ಮಾಡಿ, ಎರಡೂ ಕಾರ್ಡ್ ಇರುವಾಗಲೇ ಡ್ರೈವರ್ ಹಾಕಿ, ಆಮೇಲೆ ಇಂಟರ್ನೆಟ್ ಕೊಡಿ.

ಹಳೇ ಕಾರ್ಡ್ ಕೊಂಡವರಿಗೆ ಇನ್ನೊಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಹಣದ ಗಣಿಗಾರಿಕೆ (ಗ್ರಾಫಿಕ್ಸ್ ಕಾರ್ಡ್ ದುಡಿಸಿ ಆ ಹಣ ಗಳಿಸುವುದು) ನಿಂತ ಮೇಲೆ ರಾಶಿ ರಾಶಿ ಕಾರ್ಡ್ ಮಾರುಕಟ್ಟೆಗೆ ಬಂದವು. ಕೆಲವದರ ಒಳಗಿನ ಬಯಾಸನ್ನೇ ತಿದ್ದಿರುತ್ತಾರೆ, ಎಎಂಡಿ ಡ್ರೈವರ್ ಅಂಥದ್ದನ್ನು ಒಪ್ಪದೆ ಕೋಡ್ 43 ತೋರಿಸಬಹುದು. ಕಾರ್ಡ್ ಅಂಚಿನಲ್ಲಿ ಬಯಾಸ್ ಬದಲಿಸುವ ಪುಟ್ಟ ಸ್ವಿಚ್ ಇದೆಯಾ ನೋಡಿ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಇನ್ನೊಂದು ಕಡೆಗೆ ತಳ್ಳಿದರೆ, ತಿದ್ದದೇ ಇರುವ ಮೂಲ ಪ್ರತಿ ಸಿಗುವ ಸಾಧ್ಯತೆ ಇದೆ. ಹಳೇ ಚಿಪ್‌ಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡ್‌ಗಳೂ ಇವೆ. ಜಿಪಿಯು-ಝೆಡ್ ಅಂಥವನ್ನು ಹಿಡಿದು ಹೆಸರಿನ ಪಕ್ಕದಲ್ಲೇ ಫೇಕ್ ಅಂತ ತೋರಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ ನಿಮ್ಮೂರಿನ ಅಂಗಡಿಯಾಗಲಿ, ಹಣ ಕೊಡುವ ಮೊದಲು ಅಲ್ಲೇ ಹಾಕಿ ತೋರಿಸಿ ಅಂತ ಕೇಳಿ.

ಹಂತ 7: ಕೆಲಸ ಸರಿಯಾದ ಕಾರ್ಡ್‌ಗೆ ಹೋಗುತ್ತಿದೆಯಾ?

ಗೇಮ್ ಸಾಮಾನ್ಯವಾಗಿ ಮುಖ್ಯ ಮಾನಿಟರ್ ಇರುವ ಕಾರ್ಡ್‌ನಲ್ಲೇ ಓಡುತ್ತದೆ. ಆದ್ದರಿಂದ ಮುಖ್ಯ ಮಾನಿಟರನ್ನು ಜೋರಾದ ಕಾರ್ಡ್‌ಗೆ ಜೋಡಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋದರೆ ಯಾವ ಪ್ರೋಗ್ರಾಂ ಯಾವ ಕಾರ್ಡ್ ಬಳಸಬೇಕು ಅಂತ ಆರಿಸಬಹುದು.

ಬ್ಲೆಂಡರ್‌ನಲ್ಲಿ ಎಡಿಟ್, ಪ್ರಿಫರೆನ್ಸಸ್, ಸಿಸ್ಟಮ್‌ಗೆ ಹೋಗಿ ಸೈಕಲ್ಸ್ ರೆಂಡರ್ ಡಿವೈಸಸ್ ಕೆಳಗೆ ಎರಡೂ ಕಾರ್ಡ್‌ಗೆ ಟಿಕ್ ಹಾಕಿ. ಇಲ್ಲಿ ಮೆಮೊರಿ ಕೂಡಿಕೆ ಆಗುವುದಿಲ್ಲ. 12 ಜಿಬಿಯ ಎರಡು ಕಾರ್ಡ್ ಇದ್ದರೂ ಇಡೀ ದೃಶ್ಯದ ಒಂದೊಂದು ಪ್ರತಿ ಎರಡರಲ್ಲೂ ಕೂರಬೇಕು, ಅಂದರೆ ಮಿತಿ 12ರದ್ದೇ. ಎಐ ಭಾಷಾ ಮಾಡೆಲ್‌ನಲ್ಲಿ ಹಾಗಲ್ಲ. ಲಾಮಾ.ಸಿಪಿಪಿ ಥರದ ತಂತ್ರಾಂಶ ಮಾಡೆಲ್‌ನ ಪದರಗಳನ್ನು ಎರಡು ಕಾರ್ಡ್‌ಗೆ ಹಂಚುತ್ತದೆ, ಹೆಚ್ಚುಕಡಿಮೆ 24 ಜಿಬಿ ಬಳಕೆಗೆ ಸಿಗುತ್ತದೆ. ಎರಡು ಮಧ್ಯಮ ಬೆಲೆಯ ಕಾರ್ಡ್ ಹಾಕುವವರಿಗೆ ನಿಜವಾದ ಲಾಭ ಇರುವುದು ಇಲ್ಲೇ.

ಹಂತ 8: ಬಿಸಿ

ಎರಡೂ ಕೆಲಸ ಮಾಡುತ್ತಿವೆ, ಆದರೆ ಹತ್ತು ನಿಮಿಷದ ಮೇಲೆ ವೇಗ ಇಳಿಯುತ್ತಿದ್ದರೆ ಮೇಲಿನ ಕಾರ್ಡ್‌ನ ಉಷ್ಣಾಂಶ ನೋಡಿ. ಕೆಳಗಿನ ಕಾರ್ಡ್ ಬಿಟ್ಟ ಬಿಸಿಗಾಳಿಯನ್ನೇ ಅದು ಎಳೆದುಕೊಳ್ಳುತ್ತಿರುತ್ತದೆ. ಎರಡರ ನಡುವೆ ಒಂದು ಸ್ಲಾಟ್‌ನಷ್ಟಾದರೂ ಜಾಗ ಇರಲಿ, ದಪ್ಪನೆಯ ಕಾರ್ಡ್ ಕೆಳಗಿದ್ದರೆ ನಡುವೆ ಜಾಗ ಸಿಗುತ್ತದೆ, ಆದರೆ ಕೆಳಗಿನ ಸ್ಲಾಟ್‌ನಲ್ಲಿ ಲೇನ್ ಕಡಿಮೆ ಇರಬಹುದು ಅನ್ನುವುದನ್ನೂ ನೆನಪಿಡಿ. ಕೇಸ್ ಮುಂದಿನಿಂದ ಗಾಳಿ ಒಳಕ್ಕೆ, ಹಿಂದಿನಿಂದ ಹೊರಕ್ಕೆ ಹೋಗುವಂತೆ ಫ್ಯಾನ್ ಇಡಿ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ಎಷ್ಟು ಫ್ಯಾನ್ ಇದ್ದರೂ ಸಾಲದು. ಅಂಥ ಕಡೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು ಶೇಕಡ 80ಕ್ಕೆ ಇಳಿಸಿ. ವೇಗ ಸ್ವಲ್ಪವೇ ಕಡಿಮೆಯಾಗುತ್ತದೆ, ಬಿಸಿ ಮತ್ತು ಕರೆಂಟ್ ಬಳಕೆ ಚೆನ್ನಾಗಿ ಇಳಿಯುತ್ತವೆ. ದೂಳು ಊದುವಾಗ ಕಾರ್ಡ್‌ನ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ಒತ್ತಡಕ್ಕೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಇಷ್ಟೆಲ್ಲ ಮಾಡಿದರೂ ಆಗಲಿಲ್ಲವೇ?

ಕಾರ್ಡನ್ನು ಸ್ನೇಹಿತರ ಕಂಪ್ಯೂಟರ್‌ಗೆ ಒಮ್ಮೆ ಹಾಕಿ ನೋಡಿ. ಅಲ್ಲೂ ಅದೇ ತೊಂದರೆ ಬಂದರೆ ಮಾತ್ರ ಸರ್ವಿಸ್‌ಗೆ ಒಯ್ಯಿರಿ. ಒಯ್ಯುವಾಗ ಬಿಲ್, ಕಾರ್ಡ್ ಮೇಲಿನ ಸೀರಿಯಲ್ ನಂಬರ್‌ನ ಫೋಟೋ, ಡಿವೈಸ್ ಮ್ಯಾನೇಜರ್‌ನ ಕೋಡ್, ಹಂತ 2ರಲ್ಲಿ ಯಾವ ಕಾರ್ಡ್ ಯಾವ ಸ್ಲಾಟ್‌ನಲ್ಲಿ ಕೆಲಸ ಮಾಡಿತು ಎಂಬ ಟಿಪ್ಪಣಿ, ಇಷ್ಟು ಕೈಯಲ್ಲಿರಲಿ. ಕಾರ್ಡ್‌ನ ಸ್ಕ್ರೂ ಮೇಲಿರುವ ವಾರಂಟಿ ಸ್ಟಿಕ್ಕರ್ ಕೀಳಬೇಡಿ. ಕೊಡುವಾಗ ಜಾಬ್ ಶೀಟ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾಪಸ್ ತರುವಾಗ ಅದೇ ನಂಬರ್ ಇದೆಯಾ ಅಂತ ಕೌಂಟರ್‌ನಲ್ಲೇ ನೋಡಿಕೊಳ್ಳಿ.